ಪ್ರೆಸ್ಸಿನ ಹಳೆಯ ಪೆಟ್ಟಿಗೆಯಲ್ಲಿ ಸರ್ಜ್ ಸಿಂತಸೈಜರ್: ನಾಲ್ಕೂವರೆ ವರ್ಷದ ಬಳಕೆ

ಗದಗಿನ ಡಿಟಿಪಿ ಅಂಗಡಿಯೊಂದು ಹೊಸ ಯಂತ್ರ ಕೊಂಡಾಗ ಅದರ ಹಳೆಯ ಕಂಪ್ಯೂಟರನ್ನು ನಾನು 3,500 ರೂಪಾಯಿಗೆ ಹೊತ್ತು ತಂದೆ. 2021ರ ಆರಂಭ ಅದು. ನಾಟಕಗಳಿರಲಿಲ್ಲ, ಜಾತ್ರೆಗಳಿರಲಿಲ್ಲ, ಕೈಯಲ್ಲಿ ಸಮಯ ಮಾತ್ರ ಬೇಕಾದಷ್ಟಿತ್ತು. ಪೆಟ್ಟಿಗೆಯೊಳಗೆ ನುಡಿ ತಂತ್ರಾಂಶ, ಲೆಕ್ಕವಿಲ್ಲದಷ್ಟು ಲಗ್ನಪತ್ರಿಕೆಗಳು, ಗಣಪತಿ ಚಿತ್ರಗಳದೇ ಒಂದು ಪ್ರತ್ಯೇಕ ಫೋಲ್ಡರ್. ಇಂಟೆಲ್ ಕೋರ್ 2 ಡ್ಯುಯೊ ಇ7500, 2.93 ಗಿಗಾಹರ್ಟ್ಸ್, 2 ಜಿಬಿ ಮೆಮೊರಿ. ಚಿಪ್ 2009ರದು. "ಇದರಲ್ಲಿ ಪತ್ರಿಕೆ ಬಿಟ್ಟರೆ ಬೇರೇನೂ ಆಗುವುದಿಲ್ಲ ನೋಡಿ ಮಾಸ್ತರೇ" ಎಂದು ಅಂಗಡಿಯ ಹುಡುಗ ಎಚ್ಚರಿಸಿಯೇ ಕೊಟ್ಟಿದ್ದ.

ನಾನು ನಾಟಕಗಳಿಗೆ, ಭಜನಾ ಮೇಳಗಳಿಗೆ ಪೇಟಿ ಮತ್ತು ಕ್ಯಾಸಿಯೊ ಬಾರಿಸುವವನು. ನಮ್ಮ ಕಡೆ ಯಾವ ಕಂಪನಿಯ ಕೀಬೋರ್ಡ್ ಆದರೂ ಕ್ಯಾಸಿಯೊ ಎಂದೇ ಹೆಸರು. ಅದರೊಳಗಿನ ನೂರು ಧ್ವನಿಗಳಲ್ಲಿ ಕೆಲಸಕ್ಕೆ ಬರುವವು ಆರೋ ಏಳೋ. ಹೊಸ ಧ್ವನಿಗಳ ಕೀಬೋರ್ಡ್ ಕೊಳ್ಳಲು ಹಣವಿರಲಿಲ್ಲ. ಕಂಪ್ಯೂಟರಿನಲ್ಲೇ ಧ್ವನಿ ಹುಟ್ಟಿಸುವ ಸಾಫ್ಟ್‌ವೇರ್ ಸಿಂತ್‌ಗಳು ಪುಕ್ಕಟೆ ಸಿಗುತ್ತವೆ ಎಂದು ಕೇಳಿ ಈ ಸಾಹಸಕ್ಕೆ ಇಳಿದೆ. ಏಳೆಂಟನ್ನು ಹಾಕಿ ತೆಗೆದು, ಕೊನೆಗೆ ಉಳಿಸಿಕೊಂಡದ್ದು ಸರ್ಜ್. ವೆಂಬರ್ ಆಡಿಯೊ ಹೆಸರಿನಲ್ಲಿ ಕ್ಲೇಸ್ ಯೋಹಾನ್‌ಸನ್ ಎಂಬವರು ಮೊದಲು ಇದನ್ನು ಮಾರುತ್ತಿದ್ದರು. 2018ರಲ್ಲಿ ಅದರ ಮೂಲ ಸಂಕೇತವನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಸ್ವಯಂಸೇವಕರ ಗುಂಪು ಬೆಳೆಸುತ್ತ ಬಂದು, 2022ರ ಜನವರಿಯಲ್ಲಿ ಸರ್ಜ್ ಎಕ್ಸ್‌ಟಿ ಹೊರಬಂತು. ನಾನು ಹಳೆಯದರಲ್ಲಿ ಒಂದು ವರ್ಷ, ಎಕ್ಸ್‌ಟಿಯಲ್ಲಿ ಉಳಿದ ಕಾಲ ಕೆಲಸ ಮಾಡಿದ್ದೇನೆ.

ಮೊದಲು ಹೊಂದಾಣಿಕೆಯ ವಿಚಾರ. ಪ್ರೆಸ್ಸಿನವರು 32 ಬಿಟ್‌ನ ವಿಂಡೋಸ್ 7 ಹಾಕಿಕೊಂಡಿದ್ದರು. ಕೋರ್ 2 ಡ್ಯುಯೊ 64 ಬಿಟ್‌ನದೇ ಚಿಪ್, ಅಷ್ಟು ವರ್ಷ ಅರ್ಧ ನಿದ್ದೆಯಲ್ಲಿತ್ತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹಳೆಯ ಡಿಡಿಆರ್2 ಮೆಮೊರಿ ಸಿಕ್ಕಿತು. 4 ಜಿಬಿ ಮಾಡಿ, 64 ಬಿಟ್‌ನ ವಿಂಡೋಸ್ 10 ಹಾಕಿದೆ. ಸಿಂತ್‌ಗಳನ್ನು ತನ್ನೊಳಗೆ ತೆರೆದು ಬಾರಿಸಲು, ರೆಕಾರ್ಡ್ ಮಾಡಲು ಬಿಡುವ ಆತಿಥೇಯ ತಂತ್ರಾಂಶವಾಗಿ ರೀಪರ್. ಆತಿಥೇಯದೊಳಗೆ ಕೂರಲು ಸರ್ಜ್ ಎಕ್ಸ್‌ಟಿ ವಿಎಸ್‌ಟಿ3 ಮತ್ತು ಕ್ಲ್ಯಾಪ್ ಎಂಬ ಹೊಸ ರೂಪಗಳಲ್ಲಿ ಬರುತ್ತದೆ, ಹಳೆಯ ವಿಎಸ್‌ಟಿ2 ರೂಪದಲ್ಲಿ ಇಲ್ಲ. ಹಾಗಾಗಿ ಹತ್ತು ಹದಿನೈದು ವರ್ಷ ಹಿಂದಿನ ರೆಕಾರ್ಡಿಂಗ್ ತಂತ್ರಾಂಶವನ್ನೇ ನೆಚ್ಚಿಕೊಂಡವರು ಇದನ್ನು ತೆರೆಯಲು ಹೋದರೆ ಎಷ್ಟೋ ಸಲ ಪಟ್ಟಿಯಲ್ಲಿ ಹೆಸರೇ ಕಾಣುವುದಿಲ್ಲ. ಕಂಪ್ಯೂಟರ್ ಹಳೆಯದಾಯಿತೆಂದು ಅದನ್ನೇ ಬೈಯುತ್ತಾರೆ, ಹಳೆಯದಾದದ್ದು ಆತಿಥೇಯ.

ಇನ್ನೊಂದು ಗೋಡೆ ಚಿಪ್ಪಿನೊಳಗಿನದು. ಧ್ವನಿ ತಂತ್ರಾಂಶಗಳು ಒಂದೇ ಏಟಿಗೆ ಹಲವು ಸಂಖ್ಯೆಗಳನ್ನು ಗುಣಿಸುವ ವಿಶೇಷ ಸೂಚನೆಗಳನ್ನು ಬಳಸುತ್ತವೆ. ಎವಿಎಕ್ಸ್ ಎಂಬ ಸೂಚನೆಗಳ ಗುಂಪು ಇಂಟೆಲ್ ಚಿಪ್ಪುಗಳಿಗೆ ಬಂದದ್ದು 2011ರಲ್ಲಿ. ಅದನ್ನೇ ಬೇಡುವ ತಂತ್ರಾಂಶ ನನ್ನ ಪೆಟ್ಟಿಗೆಯಲ್ಲಿ ತೆರೆದ ಕೂಡಲೇ, ಒಂದು ಮಾತೂ ಹೇಳದೆ, ಮುಚ್ಚಿಕೊಳ್ಳುತ್ತದೆ. ಎರಡು ಸಿಂತ್‌ಗಳು ಹೀಗೆಯೇ ಬಾಗಿಲಲ್ಲೇ ತಿರುಗಿ ಹೋದವು. ಸರ್ಜ್ ಇನ್ನೂ ಹಳೆಯ ಎಸ್‌ಎಸ್‌ಇ2 ಸೂಚನೆಗಳ ಮೇಲೆ ನಿಂತಿರುವುದರಿಂದ ತಕರಾರಿಲ್ಲದೆ ತೆರೆದುಕೊಂಡಿತು. ಮೂರನೆಯದೊಂದು ಹೆಸರಾಂತ ಸಿಂತ್ ತೆರೆದುಕೊಂಡಿತು ನಿಜ, ಆದರೆ ಅದರ ಅಲೆಯಾಡುವ ಚಿತ್ರಗಳನ್ನು ಬಿಡಿಸುವಷ್ಟರಲ್ಲೇ ಮದರ್‌ಬೋರ್ಡಿನ ಗ್ರಾಫಿಕ್ಸ್ ಸುಸ್ತಾಯಿತು. ಕಿಟಕಿ ಮುಚ್ಚಿದರೆ ಚೆನ್ನಾಗಿ ಬಾರಿಸುತ್ತದೆ, ತೆರೆದರೆ ತೊದಲುತ್ತದೆ. ನಾಚಿಕೆಯ ಸ್ವಭಾವ ಎಂದುಕೊಂಡು ಬಿಟ್ಟೆ.

ಈಗ ಭಾರದ ಲೆಕ್ಕ. "ನನ್ನ ಹಳೆಯ ಕಂಪ್ಯೂಟರಿನಲ್ಲಿ ಈ ಸಿಂತ್ ಓಡುತ್ತದೆಯೇ" ಎಂದು ಶಿಷ್ಯರು ಕೇಳುತ್ತಿರುತ್ತಾರೆ. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರವಿಲ್ಲ. ಸರ್ಜ್‌ನಲ್ಲಿ ಒಂದು ದೃಶ್ಯಕ್ಕೆ, ಅಂದರೆ ಧ್ವನಿಯ ಒಂದು ಪದರಕ್ಕೆ, ಅಲೆ ಹುಟ್ಟಿಸುವ ಮೂರು ಆಸಿಲೇಟರ್. ಕ್ಲಾಸಿಕ್ ಆಸಿಲೇಟರಿನಲ್ಲಿ ಯೂನಿಸನ್, ಅಂದರೆ ಒಂದೇ ಸ್ವರದ ಪ್ರತಿಗಳನ್ನು, ಹದಿನಾರರವರೆಗೆ ಏರಿಸಬಹುದು. ಮೂರನ್ನೂ ಪೂರ್ತಿ ಏರಿಸಿದರೆ ಕೀಬೋರ್ಡಿನ ಒಂದು ಮನೆ ಒತ್ತಿದಾಗ 48 ಅಲೆಗಳು. ನಾಲ್ಕು ಮನೆ ಒತ್ತಿದರೆ 192. ಬೆರಳು ಎತ್ತಿದ ಮೇಲೂ ರಿಲೀಸ್, ಅಂದರೆ ಸ್ವರ ಆರುವ ಸಮಯ, ಉದ್ದವಿದ್ದರೆ ಹಿಂದಿನ ನಾಲ್ಕು ಸ್ವರಗಳು ಬದುಕಿಯೇ ಇರುತ್ತವೆ, ಅಷ್ಟರಲ್ಲಿ ಮುಂದಿನ ನಾಲ್ಕು ಬಂದಿರುತ್ತವೆ. ನನ್ನ ಪೆಟ್ಟಿಗೆಯಲ್ಲಿ ಆಗ ಸ್ಪೀಕರಿನಿಂದ ಬರುವುದು ಸಂಗೀತವಲ್ಲ, ಚುರಮುರಿ ಭಟ್ಟಿಯ ಸದ್ದು. ಯೂನಿಸನ್ನನ್ನು ಮೂರಕ್ಕೆ ಇಳಿಸಿ, ಒಮ್ಮೆಗೇ ನುಡಿಯುವ ಸ್ವರಗಳ (ಪಾಲಿಫೊನಿ) ಮಿತಿಯನ್ನು ಎಂಟಕ್ಕೆ ಕಟ್ಟಿ, ರಿಲೀಸನ್ನು ಮೊಟಕು ಮಾಡಿ, ಅದರ ಬದಲು ಪ್ರತಿಧ್ವನಿ ಕೊಡುವ ಒಂದು ರಿವರ್ಬ್ ಹಾಕಿದೆ. ಕೇಳುವವರಿಗೆ ವ್ಯತ್ಯಾಸ ತಿಳಿಯಲಿಲ್ಲ. ನನಗೆ ತಿಳಿಯಿತು, ಆದರೆ ನಾಟಕದ ಮೂರನೆಯ ಅಂಕದಲ್ಲಿ ನಾಯಕಿ ಅಳುವಾಗ ಯೂನಿಸನ್ ಎಣಿಸುವವರು ಯಾರು?

ಈ ಚಿಪ್ಪಿನಲ್ಲಿ ಲೆಕ್ಕ ಮಾಡುವ ಕೋರುಗಳು ಎರಡು; ಒಂದು ಸರ್ಜ್ ಒಂದೇ ಕೋರಿನ ಮೇಲೆ ಓಡುತ್ತದೆ ಎಂಬುದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಎರಡು ಪದರದ ದಪ್ಪ ಧ್ವನಿಯನ್ನು ಒಂದರಲ್ಲೇ ತುಂಬಿದರೆ ಒಂದು ಕೋರ್ ಏದುಸಿರು ಬಿಡುತ್ತದೆ, ಇನ್ನೊಂದು ಕೈಕಟ್ಟಿ ಕೂರುತ್ತದೆ. ಅದನ್ನೇ ಎರಡು ಟ್ರ್ಯಾಕಿನ ಎರಡು ಸರ್ಜ್‌ಗೆ ಹಂಚಿದರೆ ರೀಪರ್ ಎರಡೂ ಕೋರುಗಳಿಗೆ ಕೆಲಸ ಕೊಡುತ್ತದೆ. ಹಳೆಯ ಯಂತ್ರ ಕೊಳ್ಳುವವರು ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ. ಎಸ್‌ಎಸ್‌ಡಿ ಹಾಕಿಸಿದರೆ ಸಿಂತ್ ವೇಗವಾಗುತ್ತದೆ ಎಂಬುದು ತಪ್ಪು ನಂಬಿಕೆ. ಯಂತ್ರ ಬೇಗ ಏಳುತ್ತದೆ, ಅಷ್ಟೇ. ಧ್ವನಿಮುದ್ರಿತ ವಾದ್ಯಗಳ ಸಂಗ್ರಹ ಬಳಸುವವರಿಗೆ ಅದು ಬೇರೆ ಮಾತು.

ಇನ್ನು ಮನೆ ಒತ್ತಿದ್ದಕ್ಕೂ ಸದ್ದು ಕೇಳುವುದಕ್ಕೂ ನಡುವಿನ ವಿಳಂಬದ ಬಗ್ಗೆ. ಧ್ವನಿಯನ್ನು ಹೊರಬಿಡುವ ಮುನ್ನ ಕೂಡಿಟ್ಟುಕೊಳ್ಳುವ ಬಫರ್ 512 ಮಾದರಿಗಳಿದ್ದರೆ, 44,100 ಹರ್ಟ್ಸ್‌ನಲ್ಲಿ ಅದು 11.6 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ನಾಲ್ಕು ಮೀಟರ್ ಸಾಗುತ್ತದೆ. ರಂಗದ ಪಕ್ಕದ ಗುಂಡಿಯಲ್ಲಿ ಕುಳಿತು, ಅಷ್ಟು ದೂರದ ಸ್ಪೀಕರ್ ಪೆಟ್ಟಿಗೆಯಿಂದ ನನ್ನ ವಾದ್ಯವನ್ನು ನಾನೇ ಕೇಳಿ ರೂಢಿಯಿರುವವನಿಗೆ ಅದು ತೊಂದರೆಯಲ್ಲ. 1024ಕ್ಕೆ ಏರಿಸಿದರೆ 23 ಮಿಲಿಸೆಕೆಂಡ್ ದಾಟುತ್ತದೆ. ಆಗ ದ್ರುತ್ ಲಯದಲ್ಲಿ ತಬಲಾದವರು ನನ್ನ ಕಡೆ ತಿರುಗಿ ನೋಡತೊಡಗುತ್ತಾರೆ. 256ರಲ್ಲಿ ಈ ಯಂತ್ರ ಉಳಿಯುವುದಿಲ್ಲ. ಹಾಗಾಗಿ ನಾಲ್ಕೂವರೆ ವರ್ಷದಿಂದ 512. ಮದರ್‌ಬೋರ್ಡಿನ ಧ್ವನಿಗೇ ವಿಳಂಬ ತಗ್ಗಿಸುವ ಎಎಸ್‌ಐಒ4ಆಲ್ ಡ್ರೈವರ್ ಹಾಕಿಕೊಂಡಿದ್ದೇನೆ. ನಡುವೆ ಯಾರೋ ಮಾರಿದ, ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಧ್ವನಿ ಪೆಟ್ಟಿಗೆ (ಆಡಿಯೊ ಇಂಟರ್‌ಫೇಸ್) ಒಂದನ್ನು ಆಸೆಪಟ್ಟು ತಂದೆ. ಅದನ್ನು ತಯಾರಿಸಿದವರು ವಿಂಡೋಸ್ 7ರ ನಂತರ ಡ್ರೈವರ್ ಮಾಡುವುದನ್ನೇ ನಿಲ್ಲಿಸಿದ್ದರು. ಈಗ ಅದು ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿ ಹಿಡಿಯುವ ಕೆಲಸ ಮಾಡುತ್ತಿದೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುವ ಊರಿನಲ್ಲಿ ಅದೂ ಸಣ್ಣ ಉಪಯೋಗವಲ್ಲ.

ಒಂದು ಕಾಟ ಮಾತ್ರ ನನ್ನನ್ನು ತಿಂಗಳುಗಟ್ಟಲೆ ಆಡಿಸಿತು. ಬಾರಿಸುವಾಗ ಎಲ್ಲ ಸರಿ. ಬಾರಿಸುವುದನ್ನು ನಿಲ್ಲಿಸಿ ಐದಾರು ಸೆಕೆಂಡಾದ ಮೇಲೆ, ಸ್ಪೀಕರ್ ಪೂರ್ತಿ ಮೌನವಾಗಿರುವಾಗ, ಪ್ರೊಸೆಸರಿನ ಭಾರ ಸರಸರನೆ ಏರುತ್ತಿತ್ತು. ಮತ್ತೆ ಒಂದು ಸ್ವರ ಒತ್ತಿದರೆ ಇಳಿಯುತ್ತಿತ್ತು! ದೆವ್ವ ಬಡಿದಂತಿತ್ತು. ತಪ್ಪಿತಸ್ಥ ಸರ್ಜ್ ಅಲ್ಲ, ಅದರ ನಂತರ ನಾನು ಹಾಕಿದ್ದ ಹಳೆಯ ಕಾಲದ ಪುಕ್ಕಟೆ ರಿವರ್ಬ್. ಪ್ರತಿಧ್ವನಿ ಕ್ಷೀಣಿಸುತ್ತ ಹೋದಂತೆ ಅದರ ಸಂಖ್ಯೆಗಳು ಸೊನ್ನೆಯ ಹತ್ತಿರ ಹತ್ತಿರ ಹೋಗುತ್ತವೆ, ಸೊನ್ನೆ ಆಗುವುದಿಲ್ಲ. ಅಂಥ ಅತಿ ಸಣ್ಣ ಸಂಖ್ಯೆಗಳಿಗೆ ಡಿನಾರ್ಮಲ್ ಎಂದು ಹೆಸರು. ಇಂಥವನ್ನು ಲೆಕ್ಕ ಹಾಕಲು ಪ್ರೊಸೆಸರ್ ತನ್ನ ರಾಜಬೀದಿ ಬಿಟ್ಟು ಸುತ್ತುದಾರಿ ಹಿಡಿಯಬೇಕಾಗುತ್ತದೆ. ಕಿವಿಗೆ ಕೇಳದ ಸದ್ದಿಗಾಗಿ ಅಷ್ಟು ದುಡಿಮೆ. ಇಂಥ ಸಂಖ್ಯೆಗಳನ್ನು ಸೊನ್ನೆ ಎಂದೇ ತಿಳಿ ಎಂದು ಚಿಪ್ಪಿಗೆ ಹೇಳುವ ಸೌಲಭ್ಯವಿದೆ. ಆ ರಿವರ್ಬ್ ಬರೆದವರು ಅದನ್ನು ಹೇಳಿರಲಿಲ್ಲ. ಅದನ್ನು ಕಿತ್ತುಹಾಕಿ ಸರ್ಜ್‌ನದೇ ರಿವರ್ಬ್ ಬಳಸಿದ ದಿನದಿಂದ ದೆವ್ವ ಇಲ್ಲ.

ಬೇಸಿಗೆಯಲ್ಲಿ ಮಾತ್ರ ಇನ್ನೊಂದು ಕಥೆ. 2022ರ ಏಪ್ರಿಲ್‌ನಲ್ಲಿ, ಹಿಂದಿನ ವಾರ ನಡೆದ ಪ್ಯಾಚ್, ಅಂದರೆ ನಾನು ಹೊಂದಿಸಿಟ್ಟ ಧ್ವನಿ, ಈ ವಾರ ನಡೆಯದಾಯಿತು. ಪೆಟ್ಟಿಗೆ ಬಿಚ್ಚಿದರೆ ಚಿಪ್ಪನ್ನು ತಂಪಾಗಿಡುವ ಹೀಟ್‌ಸಿಂಕಿನ ಸಂದುಗಳಲ್ಲಿ ಕಾಗದದ ಧೂಳು ಹತ್ತಿಯ ಹಾಸಿನಂತೆ ಕೂತಿತ್ತು. ಪ್ರೆಸ್ಸಿನ ಹನ್ನೆರಡು ವರ್ಷದ ಉಸಿರು ಅದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿ, ಒಣಗಿ ಸುಣ್ಣವಾಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದೆ. ಕಾಯ್ದ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ; ಸಿಂತ್ ಮೇಲೆ ಸಿಟ್ಟಾಗುವ ಮುನ್ನ ಇದನ್ನು ನೋಡಿ. ವೈಫೈ ತುಂಡನ್ನೂ ಕಿತ್ತಿಟ್ಟಿದ್ದೇನೆ, ಅದರ ಡ್ರೈವರ್ ನಡುನಡುವೆ ಧ್ವನಿಗೆ ಕತ್ತರಿ ಹಾಕುತ್ತಿತ್ತು.

ಇಷ್ಟೆಲ್ಲ ಪಾಡುಪಟ್ಟು ಸರ್ಜ್‌ನಲ್ಲೇ ಉಳಿದದ್ದೇಕೆಂದರೆ ಒಬ್ಬ ಸ್ನೇಹಿತರಿಂದ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಹಾಡುವ, ಕಣ್ಣು ಕಾಣದ ಹಿರಿಯರು. ಒಮ್ಮೆ ಮನೆಗೆ ಬಂದಾಗ ನಾನು ಹೊಸ ಧ್ವನಿ ಎಂದು ಉಬ್ಬಿ ಬಾರಿಸಿದೆ. ಯಮನದ ಎರಡು ಸಾಲು ಕೇಳಿ, "ಧ್ವನಿ ಹೊಸದು, ಗಾಂಧಾರ ಮಾತ್ರ ಕ್ಯಾಸಿಯೊದ್ದೇ" ಎಂದರು. ಅವರ ಕಿವಿ ಸರಿ. ಸ್ವರಗಳ ಅಂತರ ಅಳೆಯುವ ಸೆಂಟ್ ಲೆಕ್ಕದಲ್ಲಿ ಕೀಬೋರ್ಡಿನ ಶುದ್ಧ ಗಾಂಧಾರ 400 ಸೆಂಟ್, ತಂಬೂರಿಯೊಡನೆ ಬೆರೆಯುವ, ಷಡ್ಜಕ್ಕೆ 5/4ರ ಅನುಪಾತದ ಗಾಂಧಾರ 386 ಸೆಂಟ್. ಹದಿನಾಲ್ಕು ಸೆಂಟ್ ಏರು. ಸರ್ಜ್‌ನಲ್ಲಿ ಸ್ಕಾಲಾ ಎಂಬ ಪಠ್ಯ ಕಡತದಿಂದ ಶ್ರುತಿ ಬದಲಿಸಬಹುದು. ನೋಟ್‌ಪ್ಯಾಡ್ ತೆರೆದು 16/15, 9/8, 6/5, 5/4, 4/3 ಎಂದು ಸ್ವರಗಳ ಅನುಪಾತಗಳನ್ನು ಸಾಲಿಗೊಂದರಂತೆ ಹನ್ನೆರಡು ಸಾಲು ಬರೆದು, ಕಡತವನ್ನು ಎಳೆದು ಸರ್ಜ್ ಕಿಟಕಿಯ ಮೇಲೆ ಬಿಟ್ಟೆ. ಷಡ್ಜವನ್ನು ಕಪ್ಪು ಒಂದಕ್ಕೆ, ಅಂದರೆ ಮೊದಲ ಕಪ್ಪು ಮನೆಗೆ, ಕೂರಿಸಲು ಇನ್ನೊಂದು ಸಣ್ಣ ಕಡತ. ಮತ್ತೆ ಬಾರಿಸಿದೆ. ಅವರು ಏನೂ ಹೇಳಲಿಲ್ಲ, ಷಡ್ಜ ಹಿಡಿದು ಹಾಡಲು ಶುರುಮಾಡಿದರು. ಇದಕ್ಕಾಗಿ ಪ್ರೊಸೆಸರಿನ ಮೇಲೆ ನನಗೆ ಕಾಣುವಂಥ ಭಾರವೇನೂ ಬೀಳಲಿಲ್ಲ.

ಆಮೇಲೆ ಅವರೂ ತಮ್ಮ ಮನೆಯ ಕಂಪ್ಯೂಟರಿಗೆ ಸರ್ಜ್ ಎಕ್ಸ್‌ಟಿ ಹಾಕಿಸಿಕೊಂಡರು. ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಇದರ ಗುಂಡಿಗಳ ಹೆಸರನ್ನೂ ಮೌಲ್ಯವನ್ನೂ ಓದುತ್ತದೆ, ಬಾಣದ ಕೀಲಿಗಳಿಂದ ಅವನ್ನು ತಿರುಗಿಸಬಹುದು. ನಾನು ನೋಡಿದ ಬೇರೆ ಸಿಂತ್‌ಗಳಲ್ಲಿ ಹೆಚ್ಚಿನವು ಅಂಥವರ ಪಾಲಿಗೆ ಬರೀ ಚಿತ್ರಪಟ. ಲಿನಕ್ಸ್ ಹಾಕಿದರೆ ಹಳೆಯ ಯಂತ್ರ ಇನ್ನಷ್ಟು ಹಗುರವಾಗುತ್ತದೆ, ಸರ್ಜ್ ಅದರಲ್ಲೂ ಸಿಗುತ್ತದೆ. ಆದರೆ ಎನ್‌ವಿಡಿಎ ವಿಂಡೋಸ್‌ಗೆ ಮಾತ್ರ ಇರುವುದರಿಂದ ಇಬ್ಬರೂ ಒಂದೇ ದಾರಿಯಲ್ಲಿ ಇರೋಣವೆಂದು ಅಲ್ಲೇ ಉಳಿದೆವು.

ಕೊರತೆಗಳಿಲ್ಲವೆಂದಲ್ಲ. ಸ್ಟ್ರಿಂಗ್ ಆಸಿಲೇಟರಿನಿಂದ ತಂಬೂರಿ ಕಟ್ಟಿದ್ದೇನೆ. ತಂತಿ ಮೀಟಿದ ಅನುಭವ ಬರುತ್ತದೆ, ಎಳೆ ಇಟ್ಟು ಹೊರಡಿಸುವ ಜವಾರಿಯ ಝೇಂಕಾರ ಬರುವುದಿಲ್ಲ. ಜವಾರಿ ಎಂಬ ಮಾತಿಗೆ ನಮ್ಮಲ್ಲಿ ಇರುವ ಎರಡು ಅರ್ಥಗಳಲ್ಲೂ ಇದು ಜವಾರಿ ತಂಬೂರಿಯಲ್ಲ. ಹಳೆಯ ಸರ್ಜ್‌ನಲ್ಲಿ ಕಟ್ಟಿದ ನಾಟಕದ ಹಾಡುಗಳು ಎಕ್ಸ್‌ಟಿಗೆ ತಾವಾಗಿ ಬದಲಾಗುವುದಿಲ್ಲ, ರೀಪರ್ ಎರಡನ್ನೂ ಬೇರೆ ಬೇರೆ ವಾದ್ಯಗಳೆಂದೇ ಎಣಿಸುತ್ತದೆ. ಒಂದೊಂದೇ ಪ್ಯಾಚ್ ಉಳಿಸಿ ಹೊಸದರಲ್ಲಿ ತೆರೆದೆ, ಒಂದು ಶ್ರಾವಣ ಪೂರ್ತಿ ಅದರಲ್ಲೇ ಹೋಯಿತು. ಇಷ್ಟೂ ಬೇಡ ಎನ್ನುವವರಿಗೆ, ಇಚಿರೊ ತೋಡಾ ಎಂಬವರ ಸಿಂತ್1 ಸಾಕು. ನಾರ್ಡ್ ಲೀಡ್ 2 ಎಂಬ ಕೀಬೋರ್ಡ್ ಸಿಂತ್‌ನ ಮಾದರಿಯದು, ಈ ಯಂತ್ರಕ್ಕೆ ಅದು ಹೂವಿನ ಭಾರ. ಗಂಟೆ, ಎಲೆಕ್ಟ್ರಿಕ್ ಪಿಯಾನೊ ಬೇಕಿದ್ದರೆ ಯಮಾಹಾ ಡಿಎಕ್ಸ್7 ಕೀಬೋರ್ಡನ್ನು ಅನುಸರಿಸುವ ಡೆಕ್ಸೆಡ್. ಶ್ರುತಿಯ ಕೆಲಸ ನನಗೆ ಒಗ್ಗಿದ್ದು ಸರ್ಜ್‌ನಲ್ಲೇ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಈ ಚಿಪ್ಪನ್ನು ಒಪ್ಪುವುದಿಲ್ಲ. ನನಗೆ ಚಿಂತೆಯಿಲ್ಲ. ಪೆಟ್ಟಿಗೆಗೆ ಅಂತರ್ಜಾಲವೇ ಇಲ್ಲ, ಸರ್ಜ್ ಯಾರಿಂದಲೂ ಅನುಮತಿ ಕೇಳಿ ಏಳುವುದಿಲ್ಲ. ಕಳೆದ ವರ್ಷ ಮೂರನೆಯ ತಲೆಮಾರಿನ ಇಂಟೆಲ್ ಐ5 ಚಿಪ್ ಇರುವ ಹಳೆಯ ಲ್ಯಾಪ್‌ಟಾಪ್ ಒಂದು ಕೈಗೆ ಬಂತು. ಅದರಲ್ಲಿ 256ರ ಬಫರಿಗೆ ಇದೇ ಪ್ಯಾಚುಗಳು ಸಲೀಸಾಗಿ ನಡೆಯುತ್ತವೆ, ಎವಿಎಕ್ಸ್ ಕೂಡ ಇದೆ. ಕಾರ್ಯಕ್ರಮಗಳಿಗೆ ಅದೇ ಹೋಗುತ್ತದೆ. ಪ್ರೆಸ್ಸಿನ ಪೆಟ್ಟಿಗೆ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ತಂಬೂರಿ ಹಿಡಿದು ಕೂರುತ್ತದೆ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿರುವುದರಿಂದ ಪ್ರತಿದಿನ ಅದಕ್ಕೆ ಅದು 2009ರ ಜನವರಿ ಒಂದನೆಯ ತಾರೀಖು. ಮೂವತ್ತು ರೂಪಾಯಿಯ ಬ್ಯಾಟರಿ, ನಾಳೆ ತರುತ್ತೇನೆ ಎಂದುಕೊಂಡು ಎರಡು ತಿಂಗಳಾಯಿತು.