ಮನೆಮಂದಿಯೆಲ್ಲ ಓದಲು ದೊಡ್ಡ ಅಕ್ಷರದ ಸತ್ಯವೇದ

ಕುಟುಂಬ ಪ್ರಾರ್ಥನೆಗೆ ಯಾವ ಬೈಬಲ್ ತೆಗೆದುಕೊಳ್ಳಲಿ ಎಂದು ನಮ್ಮ ಸಭೆಯ ಹೆಣ್ಣುಮಕ್ಕಳು ಕೇಳುತ್ತಿರುತ್ತಾರೆ. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಹಳೆಯ ಅನುವಾದ, ಅದರಲ್ಲೂ ದೊಡ್ಡ ಅಕ್ಷರದ ಮುದ್ರಣ ಎಂದೇ ನಾನು ಹೇಳುವುದು. ನಾವು ತಂದದ್ದು ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿರುವ ಸೊಸೈಟಿಯಿಂದಲೇ. ಬೆಲೆ ಚಿಕ್ಕ ಪ್ರತಿಗಿಂತ ಹೆಚ್ಚು, ತೂಕವೂ ಹೆಚ್ಚು. ಕೈಯಲ್ಲಿ ಹಿಡಿದು ಚರ್ಚಿಗೆ ಒಯ್ಯುವ ಪುಸ್ತಕ ಇದಲ್ಲ, ಮನೆಯಲ್ಲೇ ಇರಬೇಕಾದದ್ದು.

ಇದಕ್ಕೆ ಮೊದಲು ನಮ್ಮ ಮನೆಯ ಪ್ರಾರ್ಥನೆ ಮೊಬೈಲಿನಲ್ಲಿ ನಡೆಯುತ್ತಿತ್ತು. ಮೊಬೈಲಿನಲ್ಲಿ ಕನ್ನಡ ಬೈಬಲ್‌ಗೆ ಕೊರತೆಯಿಲ್ಲ, ಬಸ್ಸಿನಲ್ಲಿ ಕೂತು ನಾನೂ ಕೇಳುತ್ತೇನೆ. ಆದರೆ ಯಜಮಾನರದು ಒಂದು ಅನುವಾದ, ಮಗಳದು ಇನ್ನೊಂದು. ಒಬ್ಬರು ಓದುವಾಗ ಮತ್ತೊಬ್ಬರಿಗೆ ಸಾಲು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಯಾರದೋ ಸಂದೇಶ ಬಂದರೆ ಕಣ್ಣು ಅತ್ತ. ಎಲ್ಲಕ್ಕಿಂತ ಹೆಚ್ಚಾಗಿ, ಮೊಬೈಲ್ ಹಿಡಿಯದ ನಮ್ಮ ಅತ್ತೆ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಮನೆಯಲ್ಲಿ ವಾಕ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಅವರು.

ಕನ್ನಡ ಚಿಕ್ಕ ಅಚ್ಚಿನಲ್ಲಿ ಕಣ್ಣಿಗೆ ಬಹಳ ಕಷ್ಟ ಕೊಡುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿಕೊಂಡು, ಯಾವುದು ತ್ತ ಯಾವುದು ತ್ಯ ಎಂದು ವಯಸ್ಸಾದವರಿಗೆ ತಿಳಿಯುವುದಿಲ್ಲ. ಇಲ್ಲಿ ಸಾಲುಗಳ ನಡುವೆ ಉಸಿರಾಡಲು ಜಾಗವಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿರುವ ಅತ್ತೆ ಈಗ ಸರದಿ ಬಂದಾಗ ತಾವೇ ಓದುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗಳಿಗೂ ಬೆರಳಿಟ್ಟು ಓದಲು ಇದೇ ಅನುಕೂಲ. ಭಾಷೆ ಹಳೆಯದು, ಸಂಧಿಗಳು ಉದ್ದ, ಅವಳು ತಡವರಿಸುತ್ತಾಳೆ. ತಡವರಿಸಿದಲ್ಲಿ ಅಜ್ಜಿ ಬಿಡಿಸಿ ಹೇಳುತ್ತಾರೆ. ಸರಳ ಅನುವಾದ ತಂದಿದ್ದರೆ ಈ ಮಾತುಕತೆ ಹುಟ್ಟುತ್ತಲೇ ಇರಲಿಲ್ಲ ಎಂದು ನನ್ನ ಅಭಿಪ್ರಾಯ.

ಮಾರ್ಕನ ಸುವಾರ್ತೆಯಿಂದ ಆರಂಭಿಸಿದೆವು. 16 ಅಧ್ಯಾಯಗಳು, ದಿನಕ್ಕೊಂದು ಎಂದರೂ ಮಕ್ಕಳಿಗೆ ಬೇಸರವಾಗುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಬಿರುಗಾಳಿ ಎದ್ದಾಗ ಯೇಸು ಸ್ವಾಮಿ ದೋಣಿಯಲ್ಲಿ ತಲೆದಿಂಬಿನ ಮೇಲೆ ಮಲಗಿದ್ದರೆಂದು ಬರುತ್ತದೆ. ಇದೇ ಘಟನೆ ಹೇಳುವ ಮತ್ತಾಯನ ಸುವಾರ್ತೆಯಲ್ಲಾಗಲಿ ಲೂಕನದರಲ್ಲಾಗಲಿ ದಿಂಬಿನ ಮಾತು ಇಲ್ಲ. ಮಗಳು ಅಲ್ಲೇ ಬೆರಳು ನಿಲ್ಲಿಸಿದಳು.

“ಅಜ್ಜಿ, ಅಷ್ಟು ನೀರು ದೋಣಿಯೊಳಗೆ ಬಂದರೆ ದಿಂಬು ನೆನೆಯುವುದಿಲ್ಲವಾ?”

“ನೆನೆದಿರುತ್ತದೆ ಪುಟ್ಟಿ. ಬೆಳಗಿನಿಂದ ಜನಕ್ಕೆ ಬೋಧಿಸಿ ದಣಿದಿದ್ದರಲ್ಲ, ನಮ್ಮ ಹಾಗೆ ಅವರಿಗೂ ಮೈ ನೋಯುತ್ತಿತ್ತು.”

ಇಷ್ಟು ವರ್ಷ ಆ ಭಾಗದ ಮೇಲೆ ಪ್ರಸಂಗ ಕೇಳಿದ್ದೇನೆ. ದೇವರ ಮಗನಿಗೆ ಮೈ ನೋಯುತ್ತಿತ್ತು ಎಂಬುದು ನನ್ನ ಎದೆಗೆ ಮುಟ್ಟಿದ್ದು ಆ ಸಂಜೆ. ಅತ್ತೆ ಬಳ್ಳಾರಿಯವರು. ಅಲ್ಲಿ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದು 1831ರಲ್ಲಿ ಇಡೀ ಬೈಬಲನ್ನು ಕನ್ನಡಕ್ಕೆ ತಂದದ್ದನ್ನು ಅವರು ತಮ್ಮ ಮನೆಯ ವಿಷಯದಂತೆ ಹೇಳುತ್ತಾರೆ. ಮಗಳಿಗೆ ಈಗ ಅದೂ ಬಾಯಿಪಾಠ.

ಕಾಗದ ತೆಳು. ಎಂಜಲು ಹಚ್ಚಿ ಪುಟ ತಿರುವುವ ಅಭ್ಯಾಸವಿದ್ದರೆ ಹರಿಯುತ್ತದೆ. ಭಾರಕ್ಕೆ ಬೆನ್ನುಕಟ್ಟು ಸಡಿಲವಾಗದಿರಲು ಮರದ ವ್ಯಾಸಪೀಠವೊಂದನ್ನೂ ತೆಗೆದುಕೊಳ್ಳಿ. ಅದನ್ನು ನಡುಮನೆಯಲ್ಲಿಟ್ಟು ಸುತ್ತ ಚಾಪೆ ಹಾಸಿದರೆ ನಾಲ್ವರಿಗೂ ಪುಟ ಕಾಣುತ್ತದೆ.

ಕೊಳ್ಳಲು ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಅಂಗಡಿಯಲ್ಲೇ ಓದಿಸಿ ನೋಡಿ. ಬೈಬಲಿನ ಕೀರ್ತನೆಗಳ ಭಾಗ ಮಾತ್ರ ಓದಿಸಬೇಡಿ, ಅವರಿಗೆ ಅದು ಕಂಠಪಾಠ, ಅಕ್ಷರ ಕಾಣದಿದ್ದರೂ ಓದಿಬಿಡುತ್ತಾರೆ. ಹಳೆ ಒಡಂಬಡಿಕೆಯ ಪೂರ್ವಕಾಲವೃತ್ತಾಂತದ ಪ್ರಥಮಭಾಗ ತೆಗೆಯಿರಿ, ಮೊದಲ ಪುಟಗಳ ತುಂಬ ಹೆಸರುಗಳೇ. ಅವನ್ನು ಎಡವದೆ ಓದಿದರೆ ಆ ಅಚ್ಚು ನಿಮ್ಮ ಮನೆಗೆ ಸರಿ.