ಮ್ಯಾಜಿಕ್ ಆಟ: ಡ್ರಾಫ್ಟ್, ಕಮಾಂಡರ್, ಸ್ಟ್ಯಾಂಡರ್ಡ್, ಅರೀನಾ – ನಾಲ್ಕೂ ಆಡಿ ನೋಡಿದ ಮೇಲೆ

ಮ್ಯಾಜಿಕ್: ದ ಗ್ಯಾದರಿಂಗ್ 1993ರಲ್ಲಿ ಬಂದ ಕಾರ್ಡ್ ಆಟ. ಅದನ್ನು ಆಡುವ ರೀತಿಗಳು ಈಗ ಲೆಕ್ಕವಿಲ್ಲದಷ್ಟಿವೆ. ನಾನು ನಾಲ್ಕನ್ನು ಮನಸ್ಸಿಟ್ಟು ಆಡಿದ್ದೇನೆ. ಹೆಚ್ಚು ಹಿಡಿಸಿದ್ದು ಡ್ರಾಫ್ಟ್.

ಡ್ರಾಫ್ಟ್‌ಗೆ ಬರುವಾಗ ಯಾರ ಕೈಯಲ್ಲೂ ಡೆಕ್ (ಆಡಲು ಜೋಡಿಸಿಕೊಂಡ ಕಾರ್ಡಿನ ಕಟ್ಟು) ಇರುವುದಿಲ್ಲ. ತಲಾ ಮೂರು ಪ್ಯಾಕ್, ಅಂದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದ ಕಾರ್ಡಿನ ಪೊಟ್ಟಣ. ಒಂದು ಒಡೆದು, ಒಂದು ಕಾರ್ಡ್ ಇಟ್ಟುಕೊಂಡು, ಉಳಿದದ್ದನ್ನು ಎಡಗಡೆಯವರಿಗೆ ಕೊಡಬೇಕು; ಕಾರ್ಡ್ ಮುಗಿಯುವ ತನಕ ಹೀಗೇ. ಎರಡನೇ ಪ್ಯಾಕ್ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ 40 ಕಾರ್ಡಿನ ಡೆಕ್, ಅದರಲ್ಲಿ ಸಾಮಾನ್ಯವಾಗಿ 17 ಲ್ಯಾಂಡ್, ಅಂದರೆ ಬೇರೆ ಕಾರ್ಡುಗಳನ್ನು ಇಳಿಸಲು ಶಕ್ತಿ ಕೊಡುವ ಕಾರ್ಡ್.

ಮೊದಲ ಸಲ ನಾನು ಚೆನ್ನಾಗಿ ಕಂಡದ್ದನ್ನೆಲ್ಲ ಬಾಚಿಕೊಂಡೆ. ನಾಲ್ಕು ಬಣ್ಣ ಆಯಿತು; ಒಂದೊಂದು ಬಣ್ಣದ ಕಾರ್ಡಿಗೂ ಆ ಬಣ್ಣದ ಲ್ಯಾಂಡ್ ಬೇಕು. ಆಡುವಾಗ ಕೈಯಲ್ಲಿ ಮೂರು ಫಾರೆಸ್ಟ್ (ಹಸಿರಿನ ಲ್ಯಾಂಡ್), ಉಳಿದದ್ದೆಲ್ಲ ಕೆಂಪು ಕಾರ್ಡ್. ಒಂದನ್ನೂ ಇಳಿಸಲು ಆಗಲಿಲ್ಲ. ಮುಂದಿನ ಸಲ ಎರಡೇ ಬಣ್ಣಕ್ಕೆ ಅಂಟಿಕೊಂಡೆ, ಬರುವ ಕಾರ್ಡುಗಳನ್ನು ಗಮನಿಸಿದೆ. ಮೊದಲ ಪ್ಯಾಕಿನ ಆರನೇ ಸುತ್ತಿನಲ್ಲೂ ಒಳ್ಳೆ ಕೆಂಪು ಕಾರ್ಡ್ ಬಂತು ಅಂದರೆ, ಬಲಗಡೆ ಕೂತವರಿಗೆ ಕೆಂಪು ಬೇಡ ಅಂತ ತಾನೇ? ಯಾರೂ ಮಾತಾಡದಿದ್ದರೂ ಮೇಜಿನ ಸುತ್ತ ಹೀಗೆ ಸುದ್ದಿ ಓಡಾಡುತ್ತದೆ. ಅದು ಅರ್ಥವಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕಮಾಂಡರ್ ಪೂರ್ತಿ ಬೇರೆ. 100 ಕಾರ್ಡ್, ಅದರಲ್ಲಿ ಒಂದು ಡೆಕ್‌ನ ನಾಯಕ, ಅದೇ ಕಮಾಂಡರ್. ಫಾರೆಸ್ಟ್‌ನಂಥ ಬೇಸಿಕ್ ಲ್ಯಾಂಡ್ ಬಿಟ್ಟು ಯಾವುದೂ ಎರಡು ಸಲ ಇರಬಾರದು, 40 ಲೈಫ್ (ಸೊನ್ನೆಯಾದರೆ ಸೋಲು), ಸಾಮಾನ್ಯವಾಗಿ ನಾಲ್ವರು. ಇಲ್ಲಿ ಮಾತೇ ಅರ್ಧ ಆಟ. ‘ಈ ಸಲ ನನ್ನ ಮೇಲೆ ಬರಬೇಡ, ಅವನ ಡ್ರ್ಯಾಗನ್ ನಾನು ತೆಗೀತೀನಿ’ ಅನ್ನೋ ಒಪ್ಪಂದಗಳು ನಡೆಯುತ್ತಲೇ ಇರುತ್ತವೆ. ಸ್ನೇಹಿತರ ಜೊತೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಬೇಗ ಸೋತವರು ಉಳಿದ ಮೂವರ ಆಟ ಮುಗಿಯುವ ತನಕ ಸುಮ್ನೆ ಕೂರಬೇಕು. ಒಮ್ಮೆ ನಾನು ಒಂದು ಗಂಟೆಗೂ ಜಾಸ್ತಿ ಹಾಗೆ ಕೂತಿದ್ದೇನೆ, ಬೇಜಾರಾಗಿತ್ತು.

ಸ್ಟ್ಯಾಂಡರ್ಡ್ ಚುರುಕಾದ ಆಟ: ಕನಿಷ್ಠ 60 ಕಾರ್ಡ್, ಇಬ್ಬರೇ, ತಲಾ 20 ಲೈಫ್. ಹಳೆಯ ಸೆಟ್‌ಗಳು (ಒಟ್ಟಿಗೆ ಬಿಡುಗಡೆಯಾದ ಕಾರ್ಡುಗಳ ಗುಂಪು) ಕಾಲಕಾಲಕ್ಕೆ ಹೊರಗೆ ಹೋಗುತ್ತವೆ, ಆಮೇಲೆ ಅವುಗಳ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಕಷ್ಟಪಟ್ಟು ಕೂಡಿಸಿದ ಡೆಕ್ ಡಬ್ಬಿ ಸೇರಿತು. ನನಗೆ ಒಗ್ಗಲಿಲ್ಲ.

ಅರೀನಾ ಕಂಪ್ಯೂಟರ್ ಮತ್ತು ಫೋನಿನಲ್ಲಿ ಆಡುವಂಥದ್ದು. ನಿಯಮ ಕಲಿಯಲು ತುಂಬಾ ಒಳ್ಳೆಯದು, ನಿಯಮ ಮೀರಿ ಆಡಲು ಅದು ಬಿಡುವುದೇ ಇಲ್ಲ. ತೊಂದರೆ ಗೊತ್ತಾಗಿದ್ದು ಮೇಜಿಗೆ ವಾಪಸ್ ಬಂದಾಗ. ಪ್ರತಿ ಸರದಿಯ ಶುರುವಿನಲ್ಲಿ ನನಗೊಂದು ಲೈಫ್ ಕೊಡುವ ಕಾರ್ಡ್ ಎದುರಿಗೇ ಇತ್ತು. ಮೂರು ಸರದಿ ಅದನ್ನು ಮರೆತೆ. ಅರೀನಾದಲ್ಲಿ ಅದೆಲ್ಲ ತಾನಾಗೇ ಆಗುತ್ತಿತ್ತು, ಅಲ್ವಾ? ಅಲ್ಲದೆ ಅಲ್ಲಿನ ಕಾರ್ಡನ್ನು ಸ್ನೇಹಿತರ ಜೊತೆ ಬದಲಾಯಿಸಿಕೊಳ್ಳಲು ಆಗುವುದಿಲ್ಲ.

ಡ್ರಾಫ್ಟ್‌ನಲ್ಲಿ ಆರಿಸಿದ ಕಾರ್ಡ್ ಸಾಮಾನ್ಯವಾಗಿ ನಮ್ಮದೇ. ಎರಡನೇ ಡ್ರಾಫ್ಟ್‌ನಲ್ಲಿ ಸಿಕ್ಕ ಒಂದು ಹಸಿರು ಲೆಜೆಂಡರಿ ಜೀವಿಯೇ ಈಗ ನನ್ನ ಕಮಾಂಡರ್. ಅದರ ಸುತ್ತ 99 ಕಾರ್ಡ್ ಕೂಡಿಸುತ್ತಿದ್ದೇನೆ, ಇನ್ನೂ ಹನ್ನೊಂದು ಬಾಕಿ.