ಹುಬ್ಬಳ್ಳಿಯ ಶಟ್‌ಆಫ್ ವಾಲ್ವ್: ವಿಮಾನ ಇಂಧನದ ಟ್ಯಾಂಕರ್‌ಗೆ ಎಷ್ಟು ಯೋಗ್ಯ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣವೂ ಇದೆ, ಕೈಗಾರಿಕಾ ವಸಾಹತೂ ಇದೆ. ಆ ವಸಾಹತಿನ ಒಂದು ಸಣ್ಣ ಘಟಕ ತಯಾರಿಸುವ 3 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವನ್ನು, ವಿಮಾನಗಳಿಗೆ ಇಂಧನ ತುಂಬುವ ಟ್ಯಾಂಕರ್‌ಗಳನ್ನು ದುರಸ್ತಿ ಮಾಡುವ ನಮ್ಮ ವರ್ಕ್‌ಶಾಪಿನಲ್ಲಿ ಕೆಲವು ಕಾಲದಿಂದ ಬಳಸುತ್ತಿದ್ದೇವೆ. ಇಂಥದ್ದನ್ನು ಕೊಳ್ಳಲಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಇದು ಗಾಳಿಯ ಒತ್ತಡದಿಂದ ತೆರೆದು ಸ್ಪ್ರಿಂಗ್‌ನಿಂದ ಮುಚ್ಚುವ ವಾಲ್ವ್. ಒಳಗಿರುವ ತೂತುಳ್ಳ ಲೋಹದ ಚೆಂಡು (ಬಾಲ್) ತಿರುಗಿ ಹರಿವನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಇಂಧನ ತುಂಬುವವರು ಡೆಡ್‌ಮ್ಯಾನ್ ಹಿಡಿಕೆಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ತೆರೆದಿರುತ್ತದೆ. ಕೈ ಬಿಟ್ಟರೂ, ಗಾಳಿಯ ಪೈಪು ಒಡೆದರೂ ಸ್ಪ್ರಿಂಗ್ ಬಾಲನ್ನು ಕಾಲು ಸುತ್ತು ತಿರುಗಿಸಿ ಹರಿವನ್ನು ನಿಲ್ಲಿಸುತ್ತದೆ. ಈ ಕೆಲಸವನ್ನು ಅದು ಒಮ್ಮೆಯೂ ತಪ್ಪಿಸಿಲ್ಲ.

ಆದರೆ ಇಂಥ ವಾಲ್ವ್ ಮುಚ್ಚಿದರಷ್ಟೇ ಸಾಲದು, ಎಷ್ಟು ಹೊತ್ತಿನಲ್ಲಿ ಮುಚ್ಚುತ್ತದೆ ಎಂಬುದನ್ನೂ ನೋಡಬೇಕು. ಮನೆಯ ನಲ್ಲಿಯನ್ನು ಒಮ್ಮೆಲೇ ಬಂದ್ ಮಾಡಿದಾಗ ಪೈಪು ದಢಕ್ಕೆಂದು ಸದ್ದು ಮಾಡುವ ಹಾಗೆ, ರಭಸದಿಂದ ಹರಿಯುವ ಇಂಧನವನ್ನು ತಟ್ಟನೆ ತಡೆದರೆ ಒತ್ತಡ ಏಕಾಏಕಿ ಜಿಗಿಯುತ್ತದೆ. ವಿಮಾನದ ರೆಕ್ಕೆಯ ಬಳಿ ಇಂಧನ ತುಂಬುವ ಒತ್ತಡ ಸಾಮಾನ್ಯವಾಗಿ 50 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರುವಂತಿಲ್ಲ. ಕ್ಷಣಿಕ ಏರಿಕೆಗೆ 120 ಪಿಎಸ್‌ಐ ಮಿತಿಯೆಂದು ಪರಿಗಣಿಸಲಾಗುತ್ತದೆ. ತೀರಾ ನಿಧಾನವಾಗಿ ಮುಚ್ಚಿದರೆ ಹೆಚ್ಚುವರಿ ಇಂಧನ ಹರಿದುಹೋಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ನೆಲದಡಿಯ ಇಂಧನ ಪೈಪಿನ ಹೈಡ್ರಂಟ್ ವಾಲ್ವ್‌ಗಳನ್ನು 2ರಿಂದ 5 ಸೆಕೆಂಡಿನಲ್ಲಿ ಮುಚ್ಚುವಂತೆ ಹೊಂದಿಸಿರುವುದು ಈ ಕಾರಣಕ್ಕಾಗಿಯೇ.

ಈ ಘಟಕದವರಿಗೆ ಆ ವಿಷಯ ಚೆನ್ನಾಗಿ ಗೊತ್ತಿದೆ. ಗಾಳಿ ಹೊರಹೋಗುವ ರಂಧ್ರದಲ್ಲಿ ಒಂದು ಚಿಕ್ಕ ಸ್ಕ್ರೂ ಕೊಟ್ಟಿದ್ದಾರೆ. ಅದನ್ನು ಬಿಗಿ ಮಾಡಿದಷ್ಟೂ ವಾಲ್ವ್ ನಿಧಾನವಾಗಿ ಮುಚ್ಚುತ್ತದೆ. ನನ್ನ ತಕರಾರು ಇರುವುದೂ ಅಲ್ಲಿಯೇ: ಆ ಸ್ಕ್ರೂ ಅಲುಗದಂತೆ ಬಿಗಿಹಿಡಿಯುವ ಲಾಕ್ ನಟ್ ಇಲ್ಲ. ಟ್ಯಾಂಕರ್ ರಸ್ತೆಯ ಮೇಲೆ ಅದುರುತ್ತ ಓಡಾಡುವ ವಾಹನವಾದ್ದರಿಂದ ಹೊಂದಾಣಿಕೆ ಮೆಲ್ಲಗೆ ಸಡಿಲವಾಗುತ್ತದೆ. ನಾವು ನಟ್ ಕೂರಿಸಿ, ಬಣ್ಣದ ಗೆರೆ ಎಳೆದು ಗುರುತು ಮಾಡಿಕೊಂಡಿದ್ದೇವೆ. ಆದರೂ ಇದನ್ನು ತಯಾರಕರೇ ಮಾಡಿ ಕೊಡಬೇಕು. ಗ್ರಾಹಕರಿಗೆ ಬಿಡುವ ಕೆಲಸವಲ್ಲ.

ಒಳಭಾಗಗಳ ಬಗ್ಗೆ ದೂರಿಲ್ಲ. ತಾಮ್ರ ಮತ್ತು ಸತು ಜೆಟ್ ಇಂಧನದ ಗುಣವನ್ನು ಕೆಡಿಸುವುದರಿಂದ ಇಂಧನ ತಾಗುವ ಯಾವ ಜಾಗದಲ್ಲೂ ಹಿತ್ತಾಳೆಯಾಗಲಿ ಸತುವಿನ ಲೇಪವಿರುವ ಭಾಗವಾಗಲಿ ಇರಬಾರದು. ಬಿಚ್ಚಿ ನೋಡಿದೆವು, ಇಲ್ಲ. ಬಾಲ್ ಕೂರುವ ಸೀಟು ಟೆಫ್ಲಾನ್‌ನದು, ಸೋರಿಕೆ ತಡೆಯುವ ಓ-ರಿಂಗ್‌ಗಳು ವೈಟಾನ್ ಎಂಬ ರಬ್ಬರ್‌ನವು. ಟೆಫ್ಲಾನ್ ವಿದ್ಯುತ್ತನ್ನು ಹರಿಯಗೊಡದ ಕಾರಣ ಬಾಲಿನ ಮೇಲೆ ಸ್ಥಿರ ವಿದ್ಯುತ್ ಶೇಖರವಾಗುವ ಅಪಾಯವಿರುತ್ತದೆ. ಅದಕ್ಕಾಗಿ ಬಾಲನ್ನು ತಿರುಗಿಸುವ ದಂಡದಲ್ಲಿ (ಸ್ಟೆಮ್) ಸಣ್ಣ ಸ್ಪ್ರಿಂಗ್ ಮತ್ತು ಗುಂಡು ಇಟ್ಟು ಬಾಲಿಗೂ ಬಾಡಿಗೂ ಸಂಪರ್ಕ ಕಲ್ಪಿಸಿದ್ದಾರೆ. ಮೀಟರ್ ಇಟ್ಟು ಅಳೆದಾಗ ರೋಧ 10 ಓಮ್‌ಗಿಂತ ಸಾಕಷ್ಟು ಕಡಿಮೆಯೇ ಬಂತು.

ಪರೀಕ್ಷೆಯನ್ನು ನಮ್ಮ ಎದುರಿಗೇ ಮಾಡಿಸಲು ಕೇಳಿದಾಗ ಅಲ್ಲಿಯ ಹಿರಿಯ ಫಿಟ್ಟರ್ ಬೇಸರಿಸದೆ, 'ನಿಂತು ನೋಡ್ರಿ ಸರ, ನಮಗೂ ಅದ ಬೇಕಾಗೇತಿ' ಎಂದರು. ಮುಚ್ಚಿದ ವಾಲ್ವ್‌ನ ಒಂದು ಬದಿಗೆ ಗಾಳಿ ಕೊಟ್ಟು ಇನ್ನೊಂದು ಬದಿಯಲ್ಲಿ ನೀರು ನಿಲ್ಲಿಸಿದ್ದರು. ವಾಲ್ವ್ ಪರೀಕ್ಷೆಯ ಮಾನದಂಡವಾದ ಎಪಿಐ 598 ಪ್ರಕಾರ ಈ ಅಳತೆಯ ಮೃದು ಸೀಟಿನ ವಾಲ್ವ್‌ಗೆ 60 ಸೆಕೆಂಡುಗಳ ಕಾಲ ಒಂದು ಗುಳ್ಳೆಯೂ ಬರಬಾರದು, ಬರಲಿಲ್ಲ. ಬಾಡಿಯನ್ನು ನಿಗದಿತ ಒತ್ತಡದ ಒಂದೂವರೆ ಪಟ್ಟಿನಲ್ಲಿ ಪರೀಕ್ಷಿಸಿದ್ದನ್ನೂ ನೋಡಿದೆವು.

ಬೆಲೆ ಹೊರಗಿನಿಂದ ತರಿಸುವುದಕ್ಕಿಂತ ಕಡಿಮೆ ಬೀಳುತ್ತದೆ, ಸೀಟ್ ಕಿಟ್ ಕೌಂಟರಿನಲ್ಲೇ ಸಿಗುತ್ತದೆ. ಕೊಳ್ಳುವವರು ಬಿಲ್ಲಿನ ಜೊತೆ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆದು, ಅದರಲ್ಲಿರುವ ಕ್ರಮಸಂಖ್ಯೆಯೂ ವಾಲ್ವ್‌ನ ಮೇಲೆ ಕೊರೆದಿರುವುದೂ ಒಂದೇ ಎಂದು ಅಲ್ಲಿಯೇ ತಾಳೆ ನೋಡಿಕೊಳ್ಳಬೇಕು. ಲಾಕ್ ನಟ್ ಹಾಕಿಕೊಡಿ ಎಂದು ಆರ್ಡರಿನಲ್ಲಿಯೇ ಬರೆಯಿಸಿದರೆ ಹಾಕಿಕೊಡಲು ಅವರು ಒಪ್ಪಿದ್ದಾರೆ.